ಲೈನ್‌ಮ್ಯಾನ್ ಮೇಲೆ ಕೈ ಮಾಡಬೇಡಿ

ಕೊಡಗಿನ ನಾಪೋಕ್ಲು ಕಡೆ ಮಳೆ ಹಿಡಿದರೆ ಕರೆಂಟ್ ಹೋಗುವುದು ಹೊಸದಲ್ಲ. ತೋಟದೊಳಗೆ ಎಲ್ಲೋ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದಿರುತ್ತದೆ. ನಿನ್ನೆ ಬಂದ ಲೈನ್‌ಮ್ಯಾನ್ ಬೂಟು ಬಿಚ್ಚಿದರೆ ಕಾಲ್ಚೀಲದ ತುಂಬ ಜಿಗಣೆ. ಉಪ್ಪು ಹಾಕಿ ಬಿಡಿಸಿಕೊಂಡು, ರಕ್ತ ಸೋರುತ್ತಿದ್ದ ಹಾಗೇ ಮತ್ತೆ ಕಂಬ ಹತ್ತಿದರು. ಇಂಥವರ ಕೊರಳಪಟ್ಟಿ ಹಿಡಿಯುವವರೂ ಇದ್ದಾರಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ.

ಸರ್ಕಾರಿ ವಿದ್ಯುತ್ ಕಂಪನಿಯ ನೌಕರರೂ ಕಾನೂನಿನ ಪ್ರಕಾರ ಸಾರ್ವಜನಿಕ ನೌಕರರೇ. ಐಪಿಸಿ (ಭಾರತೀಯ ದಂಡ ಸಂಹಿತೆ) ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ನೋಡಿ. ಕೆಲಸ ತಡೆಯಲು ಮೈಮೇಲೆ ಹೋದರೆ 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದೂ ಜಾಮೀನುರಹಿತ. ಹೊಡೆದು ಗಾಯ ಮಾಡಿದರೆ 121ನೇ ಸೆಕ್ಷನ್, 5 ವರ್ಷದವರೆಗೆ. ಹಳೆಯ ಐಪಿಸಿಯಲ್ಲಿ ಇದಕ್ಕೆ 3 ವರ್ಷವಿತ್ತು. ತೀವ್ರ ಗಾಯವಾದರೆ 10 ವರ್ಷದವರೆಗೂ ಹೋಗಬಹುದು.

ಆದರೆ ದೂರು ಕೊಟ್ಟರೆ ತಾನೇ ಇದೆಲ್ಲ? ಗುತ್ತಿಗೆಯಲ್ಲಿ ದುಡಿಯುವ ಹುಡುಗರು ಕೆಲಸ ಹೋದೀತು ಅಂತ ಸುಮ್ನೆ ಇದ್ದುಬಿಡುತ್ತಾರೆ. ಕಣ್ಣಾರೆ ಕಂಡ ನಾವು ಸ್ಟೇಷನ್‌ಗೆ ಜೊತೆಗೆ ಹೋಗಿ ಸಾಕ್ಷಿ ಹೇಳಬೇಕು, ಅಲ್ವಾ? ನಾನಂತೂ ಹೋಗುತ್ತೇನೆ.