ಬೆರಳು ಅಲ್ಲಿತ್ತು, ಕಣ್ಣು ಇರಲಿಲ್ಲ

ಇವತ್ತು ತರಬೇತಿಗೆ ಬಂದ ಟೀಚರೊಬ್ಬರು ಒಂದನೇ ಕ್ಲಾಸಿನ ಮಗುವಿಗೆ ಓದಿಸುತ್ತಿದ್ದರು. ನಾನು ಹಿಂದೆ ಕೂತಿದ್ದೆ.

ಪುಟದಲ್ಲಿ ಇದ್ದದ್ದು ‘ಗಿಡ’. ಪಕ್ಕದಲ್ಲಿ ಚಿತ್ರ. ಮಗು ಪದದ ಕೆಳಗೆ ಬೆರಳಿಟ್ಟಿತು, ಚಿತ್ರ ನೋಡಿತು, ‘ಮರ’ ಅಂದಿತು.

‘ಪರವಾಗಿಲ್ಲ ಪುಟ್ಟಾ, ಹೆಚ್ಚುಕಮ್ಮಿ ಅದೇ’ ಅಂತ ಟೀಚರ್ ಪುಟ ತಿರುಗಿಸಿದರು. ಪ್ರೀತಿಯಿಂದಲೇ.

ನನಗೆ ಆ ಬೆರಳು ಇನ್ನೂ ಕಣ್ಣ ಮುಂದೆ ಇದೆ. ಮಗು ಓದಿರಲಿಲ್ಲ, ಊಹಿಸಿತ್ತು ಅಷ್ಟೆ. ಚಿತ್ರವೇ ಇಲ್ಲದ ಪುಟ ಬಂದಾಗ ಏನು ಮಾಡುತ್ತೆ?

ಆಮೇಲೆ ಚಿತ್ರದ ಮೇಲೆ ಕೈ ಅಡ್ಡ ಇಟ್ಟು ಮತ್ತೆ ಕೇಳಿದೆವು. ತುಂಬಾ ಹೊತ್ತು ಸುಮ್ಮನಿತ್ತು. ನಿಧಾನಕ್ಕೆ ‘ಗ... ಡ’ ಅಂದಿತು.

ಅಲ್ಲಿ ಗೊತ್ತಾಯಿತು. ಗ ಬರುತ್ತೆ, ಡ ಬರುತ್ತೆ. ಬರದೇ ಇರುವುದು ಗುಡಿಸು ಒಂದೇ! ಟೀಚರ್ ಬೋರ್ಡಿನ ಮೇಲೆ ‘ಗ’, ‘ಗಿ’ ಪಕ್ಕಪಕ್ಕ ಬರೆದರು. ಎರಡನ್ನೂ ಜೋರಾಗಿ ಹೇಳಿಸಿದರು. ಮೂರನೇ ಸಲಕ್ಕೆ ಮಗು ತಾನಾಗಿಯೇ ‘ಗಿಡ’ ಅಂತ ಓದಿತು.

ವರ್ಣಮಾಲೆಯಲ್ಲಿ 49 ಅಕ್ಷರ ಅಂತೀವಿ. ಕಾಗುಣಿತ ಸೇರಿದರೆ 400 ದಾಟುತ್ತೆ, ಒತ್ತಕ್ಷರ ಬೇರೆ. ಮಗು ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳಬಹುದು. ತಪ್ಪು ಎಲ್ಲಿಂದ ಬಂತು ಅಂತ ಹುಡುಕುವುದನ್ನು ನಾವು ಟೀಚರುಗಳಿಗೆ ಯಾವಾಗ ಕಲಿಸಿದೆವು? ಚಾರ್ಟ್ ಮಾಡಿಸಿದೆವು, ಪಾಠ ಯೋಜನೆ ಬರೆಸಿದೆವು. ಮಗುವಿನ ಪಕ್ಕ ಕೂರಿಸಿ ಅದು ಓದುವುದನ್ನು ಕೇಳಿಸಿಕೊಳ್ಳಲು ಹೇಳಿದ್ದು ಬಹಳ ಕಮ್ಮಿ, ಅಲ್ವಾ?

ನಾಳೆ ಚಾರ್ಟ್ ಕೆಲಸ ಬಿಡುತ್ತಿದ್ದೇನೆ. ಒಬ್ಬ ಟೀಚರಿಗೆ ಒಂದು ಮಗು, ಹತ್ತು ಪದ. ಮಗು ಓದಿದ್ದನ್ನು ಓದಿದ ಹಾಗೇ ಬರೆದುಕೊಂಡು ಬರಬೇಕು.