ಉಕ್ಕಿನ ಮೇಲೆ ನಿಲ್ಲದ ಕಾರ್ಬನ್

ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದವಳು ನೇರ ಹೋಗಿ ಪೆಟ್ರಿ ಡಿಶ್ ನೋಡಿದೆ. ಹಿಂದಿನ ಸಂಜೆ ಅದರಲ್ಲಿ ಇಟ್ಟು ಹೋಗಿದ್ದ ಉಕ್ಕಿನ ಬಿಲ್ಲೆ ಆಗ ಕಪ್ಪು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಈಗ ಅದರ ಅರ್ಧ ಮೈ ಬೋಳು. ಸುತ್ತಲೂ ಕರಿ ಚಕ್ಕೆಗಳು, ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಸಿಪ್ಪೆಯಷ್ಟು ಸಣ್ಣವು. ರಾತ್ರಿ ಯಾರೂ ಅದನ್ನು ಮುಟ್ಟಿರಲಿಲ್ಲ.

ಹೀಗಾಗಿದ್ದು ಅದು ಮೂರನೇ ಸಲ.

ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿದ ಮೇಲಿನ ಎರಡನೇ ಮಳೆಗಾಲ. ನನ್ನ ಪಾಲಿಗೆ ಬಂದದ್ದು ಉಕ್ಕಿನ ಮೇಲೆ ವಜ್ರದಂಥ ಕಾರ್ಬನ್ನಿನ ಗಟ್ಟಿ ಪದರ ಕೂರಿಸುವ ಕೆಲಸ. ಆ ಕಾರ್ಬನ್ ನಮ್ಮ ಬಾಯಲ್ಲಿ ಡಿಎಲ್‌ಸಿ. 1971ರಲ್ಲಿ ಐಸೆನ್‌ಬರ್ಗ್ ಮತ್ತು ಶಾಬೊ ಎಂಬ ವಿಜ್ಞಾನಿಗಳು ಇಂಥ ಪದರವನ್ನು ಕಾರ್ಬನ್ ಅಯಾನುಗಳಿಂದ, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳಿಂದ, ಮಾಡಿ ತೋರಿಸಿದ್ದರು. ನಾನು ಗಾಳಿ ತೆಗೆದ ಚೇಂಬರಿಗೆ ಮೀಥೇನ್ ಬಿಟ್ಟು, 13.56 ಮೆಗಾಹರ್ಟ್ಸ್ ಆರ್‌ಎಫ್ (ರೇಡಿಯೋ ಆವರ್ತನದ ವಿದ್ಯುತ್) ಕೊಟ್ಟು ಪ್ಲಾಸ್ಮಾ, ಅಂದರೆ ಅಯಾನುಗಳಾಗಿ ಒಡೆದು ಹೊಳೆಯುವ ಅನಿಲ, ಹೊತ್ತಿಸುತ್ತಿದ್ದೆ. ಅಯಾನುಗಳು ನೂರಾರು ವೋಲ್ಟಿನ ರಭಸದಲ್ಲಿ ಬಂದು ಗುದ್ದಬೇಕು, ಇಲ್ಲದಿದ್ದರೆ ಪದರ ಮೆತ್ತಗಾಗುತ್ತದೆ. ಗುದ್ದಿದರೆ ಇನ್ನೊಂದು ತಾಪತ್ರಯ: ಸಂತೆ ದಿನದ ಬಸ್ಸಿನ ಹಾಗೆ ಪರಮಾಣುಗಳು ಒಂದರ ಮೇಲೊಂದು ಒತ್ತಿಕೊಂಡು, ಒಳಗಿನ ಒತ್ತಡ ಗಿಗಾಪ್ಯಾಸ್ಕಲ್ ಲೆಕ್ಕಕ್ಕೆ ಏರುತ್ತದೆ. ಪದರ ತೆಳ್ಳಗಿದ್ದರೆ ಹೇಗೋ ತಡೆದುಕೊಳ್ಳುತ್ತದೆ. ದಪ್ಪವಾದಂತೆ ಒಳಗೆ ಕೂಡಿಟ್ಟ ಶಕ್ತಿಯೂ ಬೆಳೆದು ಒಂದು ಹಂತದಲ್ಲಿ ಹಿಡಿತ ಸೋಲುತ್ತದೆ. ನನಗೆ ಬೇಕಿದ್ದದ್ದು ಒಂದು ಮೈಕ್ರಾನ್. ಕೂದಲಿನ ಪಕ್ಕ ಅದು ಏನೂ ಅಲ್ಲ, ಆದರೆ ಅಷ್ಟೇ ನನ್ನ ನಿದ್ದೆ ಕೆಡಿಸಿತ್ತು.

ಉಳಿದರ್ಧವನ್ನಾದರೂ ನೋಡೋಣ ಎಂದು ಬಿಲ್ಲೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟೆ. ಅಂಚಿನಿಂದ ಒಳಕ್ಕೆ ಒಂದು ಗುಳ್ಳೆ ಹಾವಿನಂತೆ ಬಳುಕುತ್ತ ಹೊರಟಿತ್ತು. ಹಳೇ ಟೆಲಿಫೋನಿನ ಸುರುಳಿ ವೈರಿನ ಹಾಗೆ ಕಾಣುವುದರಿಂದ ಈ ಕ್ಷೇತ್ರದವರು ಅದನ್ನು ಟೆಲಿಫೋನ್ ಕಾರ್ಡ್ ಎಂದೇ ಕರೆಯುತ್ತಾರೆ. ನೋಡುತ್ತಿದ್ದಂತೆ ಅದು ಕೂದಲೆಳೆಯಷ್ಟು ಮುಂದೆ ಹರಿಯಿತು. ಬಾಯಿಂದ ಒಮ್ಮೆ ಹಾ ಎಂದು ಉಸಿರು ಬಿಟ್ಟೆ. ತೇವ ತಾಗಿದ್ದೇ ತಡ, ಇನ್ನೊಂದು ತಿರುವು ತಿರುಗಿತು. ಹೊರಗೆ ಜಿಟಿಜಿಟಿ ಮಳೆ. ಎರಡು ತಿಂಗಳ ಕೆಲಸ ಹಾಳಾಗುತ್ತಿದೆ ಎಂಬುದು ಮರೆತು, ಸುಳ್ಳೇಕೆ, ಅರ್ಧ ಗಂಟೆ ಅದನ್ನೇ ನೋಡುತ್ತ ಕೂತೆ. ಅಷ್ಟು ಚೆನ್ನಾಗಿತ್ತು.

ನಮ್ಮ ಟೆಕ್ನಿಷಿಯನ್ ಬಂದರು. ಎಲ್ಲರ ಬಾಯಲ್ಲೂ ಅವರು ಅಣ್ಣ. ಡಿಶ್ ಎತ್ತಿ ಬೆಳಕಿಗೆ ಹಿಡಿದು, "ಇದ್ಯಾಕಮ್ಮ ಹಂಗೇ ಇದೆ?" ಅಂದರು. ಬಿಲ್ಲೆಯ ಪಕ್ಕ ಬಿದ್ದಿದ್ದ ಸಿಲಿಕಾನ್ ವೇಫರಿನ ತುಂಡು ಅದು. ದಪ್ಪ ಅಳೆಯಲೆಂದು ಪ್ರತಿ ಸಲವೂ ಇಡುತ್ತಿದ್ದೆ, ಅಳೆದು ಮರೆಯುತ್ತಿದ್ದೆ. ಅದೇ ಚೇಂಬರು, ಅದೇ ಮೀಥೇನ್, ಅದೇ ಪದರ. ಅದರ ಮೇಲೆ ಒಂದು ಗೀರೂ ಇಲ್ಲ.

"ಕಲಾಯಿ ಹಾಕೋನು ನವಸಾಗರ ಉಜ್ಜದೆ ತವರ ಬಳೀತಾನಾ? ತಾಮ್ರ ತವರ ಹಿಡಿಯೋ ಹಂಗೆ ಮೊದ್ಲು ಮಾಡ್ಕೋಬೇಕು." ಆರ್ಗಾನ್ ಪ್ಲಾಸ್ಮಾದಲ್ಲಿ ಉಕ್ಕಿನ ಮೈ ಉಜ್ಜುವುದನ್ನು ನಾನೇನೂ ತಪ್ಪಿಸಿರಲಿಲ್ಲ. ಆದರೂ ಅವರ ಮಾತು ತಲೆಯಲ್ಲಿ ಕೂತಿತು. ಸಿಲಿಕಾನ್ ಕಾರ್ಬನ್ನಿನ ಜೊತೆ ಕಾರ್ಬೈಡ್ ಆಗುತ್ತದೆ, ಕಬ್ಬಿಣದ ಜೊತೆ ಸಿಲಿಸೈಡ್. ಇಬ್ಬರಿಗೂ ನಂಟ. ನಡುವೆ ಅದನ್ನೇ ತೆಳ್ಳಗೆ ಹಾಸಿದರೆ?

ಆಮೇಲೆ ಪುಸ್ತಕ ತಿರುವಿದರೆ ಬೇರೆಯವರು ಇದನ್ನು ಆಗಲೇ ಮಾಡಿ ಮುಗಿಸಿದ್ದರು. ಮೊದಲೇ ಓದಬೇಕಿತ್ತು.

ಸಿಲಿಕಾನ್ ಬೇಕೆಂದರೆ ಸಿಲೇನ್ ಅನಿಲ ಬೇಕು. ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳುವ ಅನಿಲ. ಪೈಪಿನ ಒಂದೊಂದು ಸಂದೂ ಸೋರುತ್ತದೆಯೇ ಎಂದು ಪರೀಕ್ಷಿಸಲು ನನಗೂ ಅಣ್ಣನಿಗೂ ಎರಡು ವಾರ ಹಿಡಿಯಿತು. ಮೂರನೇ ವಾರ ಮೊದಲು ಸಿಲೇನ್ ಬಿಟ್ಟು, ಪ್ಲಾಸ್ಮಾ ಆರಿಸದೆ ನಿಧಾನಕ್ಕೆ ಮೀಥೇನಿಗೆ ಬದಲಾಯಿಸಿದೆ. ಕಿಟಕಿಯಲ್ಲಿ ಬೆಳಕಿನ ಬಣ್ಣ ತಿರುಗುವಾಗ ಅಣ್ಣ ಕಣ್ಣು ಮಿಟುಕಿಸಲಿಲ್ಲ.

ಹೊರಗೆ ತೆಗೆದ ಬಿಲ್ಲೆಗೆ ಸೆಲ್ಲೋಟೇಪು ಒತ್ತಿ ಸರಕ್ಕನೆ ಕಿತ್ತೆ. ಟೇಪು ಖಾಲಿ. ಮತ್ತೆ ಕಿತ್ತೆ. ಖಾಲಿ. ಎರಡನ್ನೂ ಹಿಡಿದು ಗೈಡ್ ಕೋಣೆಗೆ ಓಡಿದೆ.

ಅವರು ಕನ್ನಡಕ ಹಣೆಗೇರಿಸಿ ನೋಡಿದರು. "ಹೊರಗೆ ತೆಗೆದು ಎಷ್ಟು ಹೊತ್ತಾಯ್ತು?"

"ನಾಲ್ಕು ಗಂಟೆ ಸರ್."

ಕಿಟಕಿಯಾಚೆ ಮಳೆ ನೋಡಿ ಬಿಲ್ಲೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಮಳೆಗಾಲ ಮುಗೀಲಿ, ಆಮೇಲೆ ಬಾಮ್ಮ."