ಅರ್ಧ ಹಾಸಿದ ಟಾರ್ಪಾಲು

ನಮ್ಮ ಕಾಲೇಜಿನ ಬೇಸ್‌ಬಾಲ್ ತಂಡದ 2025ರ ಸೀಸನ್ ಪಟ್ಟಿಯಲ್ಲಿ ಕೊನೆಯ ಪಂದ್ಯದ ಎದುರು ಗೆಲುವೆಂದೂ ಬರೆದಿಲ್ಲ, ಸೋಲೆಂದೂ ಬರೆದಿಲ್ಲ; ‘ನೋ ಕಾಂಟೆಸ್ಟ್’ (ಲೆಕ್ಕಕ್ಕಿಲ್ಲದ ಪಂದ್ಯ) ಎಂದಷ್ಟೇ ಇದೆ. ನಾಲ್ಕು ಇನಿಂಗ್ಸ್ (ಇಲ್ಲಿ ಒಂದು ಇನಿಂಗ್ಸ್ ಎಂದರೆ ಎರಡೂ ತಂಡಗಳ ಒಂದೊಂದು ಸರದಿ, ಸರದಿಗೆ ಮೂರು ಔಟ್) ಮುಗಿದು ಐದನೆಯದು ಆರಂಭವಾಗಿತ್ತು, ನಾವು 3-2ರಿಂದ ಮುಂದಿದ್ದೆವು, ಇನ್ನೆರಡು ಔಟ್ ಸಿಕ್ಕಿ ಎದುರಾಳಿಯ ಆ ಸರದಿ ಮುಗಿದಿದ್ದರೆ ನಿಯಮದ ಪ್ರಕಾರ ಅದು ಪೂರ್ಣ ಪಂದ್ಯವೆನಿಸಿಕೊಳ್ಳುತ್ತಿತ್ತು. ಆ ಮೈದಾನದ ಉಸ್ತುವಾರಿ ನನ್ನದು. ಬೆಂಗಳೂರಿನ ಜಿಕೆವಿಕೆಯಲ್ಲಿ ಮಣ್ಣು ವಿಜ್ಞಾನ ಓದಿ, ಅಮೆರಿಕಕ್ಕೆ ಬಂದು ಟರ್ಫ್ ಬಗ್ಗೆ ಮತ್ತೊಂದು ಪದವಿ ಪಡೆದು, ಮಧ್ಯಪಶ್ಚಿಮದ ಒಂದು ಕಾಲೇಜಿನಲ್ಲಿ ಹುಲ್ಲು, ಮಣ್ಣು, ಸುಣ್ಣದ ಗೆರೆಗಳನ್ನು ನೋಡಿಕೊಂಡಿರುವವನು ನಾನು. ಊರಿನವರಿಗೆ ಈ ಕೆಲಸವನ್ನು ವಿವರಿಸುವ ಪ್ರಯತ್ನವನ್ನು ಬಹಳ ಹಿಂದೆಯೇ ಬಿಟ್ಟಿದ್ದೇನೆ.

ಡಿವಿಷನ್ ಒಂದರ, ಅಂದರೆ ಅತ್ಯುನ್ನತ ಮಟ್ಟದ, ಕಾಲೇಜು ಬೇಸ್‌ಬಾಲ್ ಫೆಬ್ರವರಿ ಮಧ್ಯದಲ್ಲಿ ಆರಂಭವಾಗುತ್ತದೆ. ಆ ಹೊತ್ತಿಗೆ ನಮ್ಮ ಇನ್‌ಫೀಲ್ಡ್ (ನಾಲ್ಕು ಬೇಸ್‌ಗಳ ಸುತ್ತಲಿನ ಒಳಮೈದಾನ) ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಉತ್ತರದ ಬಹುತೇಕ ಕಾಲೇಜುಗಳಂತೆ ನಮ್ಮ ತಂಡವೂ ಮೊದಲ ಕೆಲವು ವಾರಾಂತ್ಯಗಳನ್ನು ಫ್ಲಾರಿಡಾ, ಟೆಕ್ಸಸ್, ಅರಿಜೋನಾಗಳಲ್ಲಿ ಅತಿಥಿಯಾಗಿ ಕಳೆದು, ಸಾಕಷ್ಟು ಸೋತು, ಮಾರ್ಚ್ ಮಧ್ಯದಲ್ಲಿ ಮನೆಗೆ ಮರಳುತ್ತದೆ. ನಿಯಮಿತ ಸೀಸನ್‌ನಲ್ಲಿ ಗರಿಷ್ಠ 56 ಪಂದ್ಯಗಳು; ವಾರಾಂತ್ಯಕ್ಕೆ ಮೂರರ ಸರಣಿ, ನಡುವೆ ಮಂಗಳವಾರವೋ ಬುಧವಾರವೋ ಒಂದು. ಈ ಹವಾಮಾನದ ಪಾಲು ಎಷ್ಟೆಂಬುದಕ್ಕೆ ದಾಖಲೆಯನ್ನೇ ನೋಡಬಹುದು: ಒಮಾಹಾದಲ್ಲಿ ನಡೆಯುವ ಕಾಲೇಜು ವರ್ಲ್ಡ್ ಸೀರೀಸನ್ನು, ಅಂದರೆ ರಾಷ್ಟ್ರೀಯ ಟೂರ್ನಿಯ ಅಂತಿಮ ಹಂತವನ್ನು, ಬಿಗ್ ಟೆನ್ ಕಾನ್ಫರೆನ್ಸ್‌ನ (ಹೆಚ್ಚಾಗಿ ಉತ್ತರದ ಕಾಲೇಜುಗಳ ಒಂದು ಲೀಗ್) ತಂಡವೊಂದು ಕೊನೆಯ ಬಾರಿ ಗೆದ್ದದ್ದು 1966ರಲ್ಲಿ, ಓಹಿಯೋ ಸ್ಟೇಟ್. 2019ರಲ್ಲಿ ಮಿಷಿಗನ್ ಫೈನಲ್‌ವರೆಗೆ ಬಂದು ವ್ಯಾಂಡರ್‌ಬಿಲ್ಟ್‌ಗೆ ಸೋತಿತು. ನಮ್ಮದು ಅಷ್ಟು ದೊಡ್ಡ ಕಾನ್ಫರೆನ್ಸ್ ಕೂಡ ಅಲ್ಲ. ರಾಷ್ಟ್ರೀಯ ಟೂರ್ನಿಯ 64 ಸ್ಥಾನಗಳಲ್ಲಿ ನಮ್ಮಂಥವರಿಗೆ ದಕ್ಕುವುದು ಸಾಮಾನ್ಯವಾಗಿ ಒಂದೇ, ಅದೂ ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ. ಆ ಟೂರ್ನಿಗೇ ಅರ್ಹತೆ ಸಿಗದಿದ್ದರೆ ಮೇ ಮೂರನೆಯ ವಾರಕ್ಕೆ ಎಲ್ಲವೂ ಮುಗಿದಂತೆ.

ಆ ಶನಿವಾರದ ಪಂದ್ಯದ ಮೇಲೆ ನಿಂತಿದ್ದದ್ದು ಇದೇ ಅರ್ಹತೆ. ಗೆದ್ದರೆ ಕಾನ್ಫರೆನ್ಸ್ ಟೂರ್ನಿಗೆ ಉಳಿದಿದ್ದ ಕೊನೆಯ ಅರ್ಹತಾ ಸ್ಥಾನ ನಮ್ಮದು. ಸೋತರೂ, ಪಂದ್ಯವೇ ನಡೆಯದಿದ್ದರೂ ಗೆಲುವಿನ ಶೇಕಡಾ ಲೆಕ್ಕದಲ್ಲಿ ನಾವು ಕೂದಲೆಳೆಯಷ್ಟು ಹಿಂದೆ. ಕೊನೆಯ ಸರಣಿಯಾದ್ದರಿಂದ ಗುರುವಾರದಿಂದ ಶನಿವಾರಕ್ಕೆ ಇಟ್ಟಿದ್ದರು. ಅರ್ಧಕ್ಕೆ ನಿಂತ ಪಂದ್ಯವನ್ನು ಭಾನುವಾರಕ್ಕೆ ಒಯ್ಯಲು ನಮ್ಮ ಕಾನ್ಫರೆನ್ಸ್ ಒಪ್ಪುವುದಿಲ್ಲ. ಎದುರು ತಂಡಕ್ಕೆ ವಿಮಾನ ಹಿಡಿಯಬೇಕಿದ್ದುದರಿಂದ ಸಂಜೆ 4 ಗಂಟೆಯ ನಂತರ ಆಟವಿಲ್ಲ ಎಂದು ಮೊದಲೇ ಬರಹದಲ್ಲಿ ಒಪ್ಪಂದವಾಗಿತ್ತು.

ಬೆಳಿಗ್ಗೆಯಿಂದ ರೇಡಾರ್ ನನ್ನ ಕೈಯಲ್ಲೇ ಇತ್ತು. ಪಶ್ಚಿಮದಿಂದ ಮಳೆಯ ಒಂದು ತೆಳುವಾದ ಪಟ್ಟಿ ಬರುತ್ತಿತ್ತು. ಅದರ ವೇಗ, ದೂರ ಎರಡನ್ನೂ ಅಳೆದು, ಎರಡೂವರೆಯ ಸುಮಾರಿಗೆ ನಮ್ಮನ್ನು ಮುಟ್ಟುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೈನಪ್ ಚೀಟಿಗಳು ಕೈ ಬದಲಾಗುವವರೆಗೆ ಮೈದಾನದ ತೀರ್ಮಾನ ಆತಿಥೇಯರದು. ಆಮೇಲೆ ಮುಖ್ಯ ಅಂಪೈರ್‌ರದು. ಆದರೂ ಅನುಭವಿ ಅಂಪೈರ್‌ಗಳು ಗ್ರೌಂಡ್ಸ್‌ನವರನ್ನು ಒಂದು ಮಾತು ಕೇಳುತ್ತಾರೆ. ನಾಲ್ಕನೆಯ ಇನಿಂಗ್ಸ್ ಮುಗಿದಾಗ ಮುಖ್ಯ ಅಂಪೈರ್ ಬೇಲಿಯ ಹತ್ತಿರ ಬಂದು, “ಎಷ್ಟು ಹೊತ್ತಿದೆ?” ಎಂದರು. “ಇಪ್ಪತ್ತು ನಿಮಿಷ ಧಾರಾಳವಾಗಿದೆ, ಈ ಅರ್ಧ ಇನಿಂಗ್ಸ್ ಮುಗಿಸಿಬಿಡಬಹುದು,” ಎಂದೆ.

ಮಳೆಯ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ನಾನು ಎಣಿಸದೆ ಬಿಟ್ಟದ್ದು ಕೈಗಳನ್ನು. ನಮ್ಮ ಟಾರ್ಪಾಲು 170 ಅಡಿ ಉದ್ದ, 170 ಅಡಿ ಅಗಲ. ಏಪ್ರಿಲ್‌ನಲ್ಲಿ ಅದನ್ನು ಹಾಸಲು ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿ ಕೆಲಸಗಾರರು ಇರುತ್ತಿದ್ದರು, ಮೂರು ನಾಲ್ಕು ನಿಮಿಷದಲ್ಲಿ ಮಣ್ಣು ಮುಚ್ಚಿರುತ್ತಿತ್ತು. ಪದವಿ ಪ್ರದಾನ ಹಿಂದಿನ ವಾರವೇ ಮುಗಿದು ಹಾಸ್ಟೆಲ್‌ಗಳು ಖಾಲಿಯಾಗಿದ್ದವು. ಕಾಲೇಜಿನ ಕ್ಯಾಲೆಂಡರ್ ಮುಗಿದ ಮೇಲೂ ಕಾಲೇಜು ಬೇಸ್‌ಬಾಲ್ ಮುಗಿಯುವುದಿಲ್ಲ ಎಂಬುದು ಆಡಳಿತದ ವೇಳಾಪಟ್ಟಿಗೆ ಎಂದೂ ಇಳಿದ ವಿಷಯವಲ್ಲ. ಅಂದು ಅದು ನನ್ನ ತಲೆಗೂ ಇಳಿದಿರಲಿಲ್ಲ. ಲೆಕ್ಕಕ್ಕೆ ಉಳಿದದ್ದು ನಾನು, ನನ್ನ ಸಹಾಯಕ, ಬೇಸಿಗೆ ಕೆಲಸಕ್ಕೆ ನಿಂತ ಇಬ್ಬರು ಹುಡುಗರು, ಮತ್ತು ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಒಬ್ಬ.

ಐದನೆಯ ಇನಿಂಗ್ಸ್‌ನ ಮೊದಲ ಬ್ಯಾಟರ್ ಫುಲ್ ಕೌಂಟ್‌ವರೆಗೆ (ಇನ್ನೊಂದು ಎಸೆತದಲ್ಲಿ ಔಟ್ ಇಲ್ಲವೇ ಬೇಸ್ ಎಂಬ ಸ್ಥಿತಿ) ಹೋಗಿ, ಗೆರೆಯಾಚೆಗೆ ಫೌಲ್ ಮೇಲೆ ಫೌಲ್ ಹೊಡೆದು, ಕೊನೆಗೆ ವಾಕ್, ಅಂದರೆ ಹೊಡೆಯದೆಯೇ ಫಸ್ಟ್ ಬೇಸ್, ಪಡೆದ. ಪಿಚ್‌ಗಳ ನಡುವೆ ಗಡಿಯಾರ ಓಡಿದರೂ ಫೌಲ್‌ಗಳಿಗೆ ಗಡಿಯಾರವಿಲ್ಲ. ಪಿಚಿಂಗ್ ಕೋಚ್ ಪಿಚರ್ ನಿಂತು ಎಸೆಯುವ ದಿಬ್ಬವಾದ ಮೌಂಡ್‌ಗೆ ನಡೆದರು, ಮಾತಾಡಿದರು, ಅಂಪೈರ್ ಹೋಗಿ ಎಬ್ಬಿಸುವವರೆಗೆ ನಿಂತರು. ಎರಡನೆಯವನು ಬಂಟ್ ಮಾಡಿ (ಚೆಂಡನ್ನು ಮೆಲ್ಲಗೆ ತಟ್ಟಿ) ಔಟಾದ. ಮೂರನೆಯವನು ಬ್ಯಾಟಿಂಗ್‌ಗೆ ಬರುವಷ್ಟರಲ್ಲಿ ಗಾಳಿಯ ದಿಕ್ಕು ಬದಲಾಯಿತು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದಿನ ಬಲೆ ಉಬ್ಬಿಕೊಂಡಿತು. ದಪ್ಪ ಹನಿಗಳು ಬೀಳತೊಡಗಿದಾಗ ಅಂಪೈರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿದರು.

ಟಾರ್ಪಾಲು ಸುತ್ತಿಟ್ಟ ರೋಲರ್‌ಗೆ ಕೈ ಕೊಟ್ಟಾಗಲೇ ಅದರ ತೂಕದಿಂದ ಪರಿಸ್ಥಿತಿ ಅರ್ಥವಾಯಿತು. ನಮ್ಮ ಬುಲ್‌ಪೆನ್‌ನಲ್ಲಿ ಸರದಿ ಕಾಯುತ್ತಿದ್ದ ಪಿಚರ್‌ಗಳು ಓಡಿಬಂದರು. ಇನ್‌ಫೀಲ್ಡರ್‌ಗಳೂ ಕೈ ಹಾಕಲು ಬಂದಾಗ ಅಥ್ಲೆಟಿಕ್ ಟ್ರೇನರ್ ಕೂಗಿ ಅವರನ್ನು ಡಗ್‌ಔಟಿಗೆ ಅಟ್ಟಿದರು. ಅವರನ್ನು ದೂರುವಂತಿಲ್ಲ, 1985ರ ಅಕ್ಟೋಬರ್‌ನಲ್ಲಿ ವೃತ್ತಿಪರ ತಂಡವಾದ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವಿನ್ಸ್ ಕೋಲ್ಮನ್ ಅವರ ಕಾಲಿನ ಮೇಲೆ ಯಂತ್ರಚಾಲಿತ ಟಾರ್ಪಾಲು ಉರುಳಿ, ಅವರು ವರ್ಲ್ಡ್ ಸೀರೀಸನ್ನೇ ಕಳೆದುಕೊಂಡ ಕಥೆಯನ್ನು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲರು. ನಾನು ನಿರೀಕ್ಷಿಸದಿದ್ದದ್ದು ಎದುರು ತಂಡದ ಬುಲ್‌ಪೆನ್ ಬೇಲಿಯ ಬಾಗಿಲು ತೆಗೆದು ನಮ್ಮತ್ತ ಓಡಿಬಂದದ್ದನ್ನು. ಹಿಂದೆ ಬಿದ್ದಿದ್ದ ಅವರಿಗೆ ಪಂದ್ಯ ರದ್ದಾದರೆ ಲಾಭವೇ ಇತ್ತು. ಹಾಗಿದ್ದೂ ಅವರ ಕೋಚ್ ತಡೆಯಲಿಲ್ಲ, ಆ ಹುಡುಗರಲ್ಲಿ ಒಬ್ಬ, “ಸರ್, ಯಾವ ಕಡೆ ಎಳೆಯಲಿ?” ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ.

ಫಸ್ಟ್ ಬೇಸ್ ಕಡೆಯಿಂದ ಉರುಳಿಸುತ್ತ, ಮೌಂಡ್ ದಾಟಿ, ಹೆಚ್ಚುಕಡಿಮೆ ಅರ್ಧ ಇನ್‌ಫೀಲ್ಡ್ ಮುಚ್ಚಿದ್ದೆವು. ಆಗ ಮಿಂಚಿನ ಸೈರನ್ ಕೂಗಿತು.

ಮಿಂಚಿನ ನಿಯಮಕ್ಕೆ ಆಟಗಾರ, ಕೆಲಸಗಾರ ಎಂಬ ಭೇದವಿಲ್ಲ. ಎಲ್ಲರೂ ಮೈದಾನ ಬಿಡಬೇಕು, ಕೊನೆಯ ಮಿಂಚಿನಿಂದ 30 ನಿಮಿಷ ಕಳೆಯುವವರೆಗೆ ಯಾರೂ ಕಾಲಿಡುವಂತಿಲ್ಲ, ನಡುವೆ ಮತ್ತೊಂದು ಮಿಂಚಿದರೆ ಎಣಿಕೆ ಮತ್ತೆ ಮೊದಲಿನಿಂದ. ಕೈಗೆ ಸಿಕ್ಕ ಮರಳುಚೀಲಗಳನ್ನು ಅಂಚಿನ ಮೇಲೆ ಎಸೆದು ಡಗ್‌ಔಟಿಗೆ ಓಡಿದೆವು. ರೋಲರ್ ಹೋಮ್ ಪ್ಲೇಟಿನಿಂದ ಸೆಕೆಂಡ್ ಬೇಸ್‌ನ ಕಡೆಗೆ ಅಡ್ಡಲಾಗಿ ಬಿದ್ದಿತ್ತು. ಮಳೆ ಜೋರಾದಂತೆ, ಹಾಸಿದ ಅರ್ಧದ ಮೇಲೆ ಬಿದ್ದ ನೀರೆಲ್ಲ ಗಾಳಿಗೆ ಸರಿದು ರೋಲರ್‌ಗೆ ಒಡ್ಡು ಕಟ್ಟಿದಂತೆ ನಿಂತಿತು. ಏರುತ್ತ ಏರುತ್ತ ಅದರ ಹೊರತುದಿಯನ್ನು ಬಳಸಿ, ಒಂದೇ ಧಾರೆಯಾಗಿ, ನೇರವಾಗಿ ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ಶಾರ್ಟ್‌ಸ್ಟಾಪ್ ಎಂಬ ಫೀಲ್ಡರ್ ನಿಲ್ಲುವ ಜಾಗಕ್ಕೆ ಇಳಿಯಿತು. ಟಾರ್ಪಾಲನ್ನು ಮುಟ್ಟದೆ ಬಿಟ್ಟಿದ್ದರೆ ಮಳೆ ಇಡೀ ಇನ್‌ಫೀಲ್ಡಿಗೆ ಸಮನಾಗಿ ಹಂಚಿಹೋಗುತ್ತಿತ್ತು, ಇಳಿಜಾರು ತನ್ನ ಕೆಲಸ ಮಾಡುತ್ತಿತ್ತು. ಅರ್ಧ ಮೈದಾನದ ನೀರನ್ನು ನಾವೇ ಕಾಲುವೆ ತೋಡಿ ಒಂದು ಮೂಲೆಗೆ ಹರಿಸಿದಂತಾಗಿತ್ತು. ಡಗ್‌ಔಟಿನ ಕಂಬಿ ಹಿಡಿದು ಅದನ್ನು ನೋಡುತ್ತ ನಿಂತಾಗ, ಯಾವ ಇಳಿಜಾರಿನಲ್ಲಿ ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿ ಹೇಳಬಲ್ಲ ನನ್ನ ಓದು ತುಸುವೂ ಪ್ರಯೋಜನಕ್ಕೆ ಬರಲಿಲ್ಲ. ಮಳೆ ತೆಳುವಾದ ಮೇಲೂ ದೂರದಲ್ಲೆಲ್ಲೋ ಮಿಂಚುತ್ತಿತ್ತು, ಎಣಿಕೆ ಮತ್ತೆ ಮೂವತ್ತಕ್ಕೆ ಮರಳುತ್ತಿತ್ತು, ಹೆಡ್ ಕೋಚ್ ಮಾತಿಲ್ಲದೆ ಸೂರ್ಯಕಾಂತಿ ಬೀಜ ಜಗಿದು ಉಗುಳುತ್ತಿದ್ದರು.

ಮೈದಾನ ನಮ್ಮ ಕೈಗೆ ಬಂದಾಗ ಗಂಟೆ 3.10. ಕೆರೆಯಂಥ ಶಾರ್ಟ್‌ಸ್ಟಾಪ್, ಐವತ್ತು ನಿಮಿಷ.

ಇಂಥ ಹೊತ್ತಿನಲ್ಲಿ ನಿಜವಾದ ಅಪಾಯ ನೀರಿಗಿಂತ ಸಹಾಯ ಮಾಡಬಂದವರಿಂದ. ಆಟಗಾರರು ಕುಂಟೆಗಳನ್ನು ಹಿಡಿದು ನೀರನ್ನು ಹುಲ್ಲಿನ ಕಡೆಗೆ ತಳ್ಳಲು ತೊಡಗಿದರು. ನೀರಿನ ಜೊತೆ ಮಣ್ಣೂ ಹೋಗಿ, ನಿಂತ ಜಾಗ ಇನ್ನಷ್ಟು ಗುಂಡಿಯಾಗುತ್ತದೆ, ಹುಲ್ಲಿನ ಅಂಚಿನಲ್ಲಿ ದಿಬ್ಬ ಏಳುತ್ತದೆ, ಮುಂದಿನ ಗ್ರೌಂಡ್ ಬಾಲ್ ಆ ದಿಬ್ಬಕ್ಕೆ ತಾಗಿ ಯಾರದೋ ಮುಖಕ್ಕೆ ಚಿಮ್ಮುತ್ತದೆ. ಅವರನ್ನು ನಿಲ್ಲಿಸಿ, ಕೈಪಂಪು ಮತ್ತು ಸ್ಪಂಜುಗಳಿಂದ ನೀರೆತ್ತಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಅಥ್ಲೆಟಿಕ್ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಎಲೆ ಹಾರಿಸುವ ಬ್ಲೋವರ್ ತರಿಸಿದರು. ಅದರಿಂದ ಮೇಲ್ಪದರ ಒಣಗಿದಂತೆ ಕಾಣುತ್ತದೆ, ಕೆಳಗೆ ಗಂಜಿ ಹಾಗೆಯೇ ಇರುತ್ತದೆ. ಸುಟ್ಟ ಜೇಡಿಯ ಹರಳುಗಳನ್ನು ಚೀಲಗಟ್ಟಲೆ ಸುರಿಯಿರಿ ಎಂದು ಮತ್ತೊಬ್ಬರು. ನಿಂತ ನೀರಿಗೆ ಸುರಿದ ಹರಳು ಕೂಡ ಗಂಜಿಯ ಭಾಗವೇ ಆಗುತ್ತದೆ. ನೀರೆತ್ತಿದ ಮೇಲೆ ತೆಳುವಾಗಿ ಚೆಲ್ಲಿ, ಮಣ್ಣಿಗೆ ಬೆರೆಸಿ, ಕಾಯಬೇಕು. ಕಾಯುವುದಕ್ಕೆ ಸಮಯವಿರಲಿಲ್ಲ.

ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದಾಗಲೆಲ್ಲ, ಚಿನ್ನಸ್ವಾಮಿಯಲ್ಲಿ ನೆಲದಡಿಯಿಂದಲೇ ನೀರು ಹೀರುತ್ತಾರಲ್ಲ, ನಿಮ್ಮಲ್ಲಿ ಇಲ್ಲವೇ ಎಂದು ಕೇಳುತ್ತಾರೆ. 2017ರಲ್ಲಿ ಅಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ಮರಳಿನ ಮೇಲೆ ಬೆಳೆದ ಹುಲ್ಲಿನಿಂದ ನೀರನ್ನು ಸೆಳೆಯುತ್ತದೆ. ಬೇಸ್‌ಬಾಲ್ ಇನ್‌ಫೀಲ್ಡಿನ ಬರಿಮಣ್ಣನ್ನು ಸ್ಪೈಕ್ ಶೂಗಳ ಹಿಡಿತಕ್ಕೆಂದು ಜೇಡಿ, ಹೂಳು, ಮರಳು ಸೇರಿಸಿ ಬೇಕೆಂದೇ ಬಿಗಿಯಾಗಿ ಕಟ್ಟಿರುತ್ತೇವೆ. ನೀರು ಕೆಳಗಿಳಿಯದಿರುವುದೇ ಅದರ ಗುಣ. ಅದಕ್ಕಿರುವ ರಕ್ಷಣೆ ಮೇಲಿನ ಹಾಸು ಮಾತ್ರ.

ಮೂರೂ ಮುಕ್ಕಾಲಿಗೆ ಅಂಪೈರ್ ಬಂದರು. ಹೋಮ್ ಪ್ಲೇಟಿನಿಂದ ಮೌಂಡ್, ಅಲ್ಲಿಂದ ಸೆಕೆಂಡ್ ಬೇಸ್, ಎಲ್ಲವೂ ಗಟ್ಟಿಯಾಗಿತ್ತು. ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತು ಹಿಮ್ಮಡಿ ಒತ್ತಿದರು. ಶೂ ಲೇಸಿನವರೆಗೆ ಇಳಿಯಿತು. ಎತ್ತಿದಾಗ ಬಂದ ಸದ್ದು ಡಗ್‌ಔಟಿಗೂ ಕೇಳಿಸಿರಬೇಕು. ಅವರು ನನ್ನನ್ನು ಏನೂ ಕೇಳಲಿಲ್ಲ, ಇಬ್ಬರು ಕೋಚ್‌ಗಳನ್ನೂ ಕರೆದು ಕೈ ಕುಲುಕಿದರು. ಎರಡು ಔಟ್‌ಗಳಿಗೆ ಹದಿನೈದು ನಿಮಿಷ ಸಾಕಾಗುತ್ತಿತ್ತು, ಆದರೆ ಆ ನೆಲದ ಮೇಲೆ ಹುಡುಗನೊಬ್ಬನನ್ನು ಓಡಿಸಿ ಮೊಣಕಾಲು ತಿರುಚಿಕೊಂಡರೆ ಯಾರು ಉತ್ತರ ಹೇಳುತ್ತಾರೆ? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನೋ ಕಾಂಟೆಸ್ಟ್ ಎಂದಾದರೆ ಅಂಕಿಅಂಶಗಳೂ ಅಳಿಯುತ್ತವೆ. ಮೂರನೆಯ ಇನಿಂಗ್ಸ್‌ನಲ್ಲಿ ನಮ್ಮ ಹಿರಿಯ ಕ್ಯಾಚರ್ ಆ ಸೀಸನ್‌ನ ತನ್ನ ಏಕೈಕ ಹೋಮ್ ರನ್ ಹೊಡೆದಿದ್ದ. ಅವನ ಪುಟದಲ್ಲಿ ಇಂದು ನೋಡಿದರೆ ಆ ಕಾಲಂನಲ್ಲಿ ಸೊನ್ನೆ ಇದೆ.

ಮುಂದಿನ ವಾರದ ಸಭೆಯ ವರದಿಯಲ್ಲಿ ಈ ಘಟನೆಗೆ ‘ಹವಾಮಾನ’ ಎಂಬ ಶೀರ್ಷಿಕೆ ಕೊಟ್ಟರು. ಹವಾಮಾನ ಎಂದರೆ ಯಾರೂ ಹೊಣೆಯಲ್ಲ, ಆದ್ದರಿಂದ ಎಲ್ಲರಿಗೂ ಅನುಕೂಲ. ಹೆಚ್ಚು ನಿಖರವಾದ ಮಿಂಚು ಎಚ್ಚರಿಕೆಯ ಚಂದಾ ಕೊಳ್ಳಬೇಕೆಂದು ತೀರ್ಮಾನವಾಯಿತು. ನಾನು, ಎಚ್ಚರಿಕೆ ಸರಿಯಾಗಿಯೇ ಇತ್ತು, ಎಳೆಯುವವರು ಇರಲಿಲ್ಲ ಎಂದೆ. ಪಿಚ್‌ನ ಸ್ಪಿನ್ ಅಳೆಯುವ ಟ್ರ್ಯಾಕ್‌ಮನ್ ಯಂತ್ರಕ್ಕೆ ಹಣವಿರುವ ವಿಭಾಗದಲ್ಲಿ, ಪದವಿ ಪ್ರದಾನದ ನಂತರದ ಎರಡು ವಾರ ಹತ್ತು ಹುಡುಗರಿಗೆ ಗಂಟೆಯ ಕೂಲಿ ಕೊಡಲು ಹಣವಿಲ್ಲ ಎಂಬುದು ನನಗೆ ಈಗಲೂ ಅರ್ಥವಾಗದ ಗಣಿತ. ಪರಿಸ್ಥಿತಿ ಇನ್ನೂ ಬಿಗಿಯಾಗುತ್ತಿದೆ: 2025-26ರಿಂದ, ಆಟಗಾರರಿಗೆ ನೇರ ಹಣ ಕೊಡುವ ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 11.7 ಸ್ಕಾಲರ್‌ಶಿಪ್‌ಗಳ ಹಳೆಯ ಮಿತಿ ಹೋಗಿ, ತಂಡಕ್ಕೆ 34 ಆಟಗಾರರ ಮಿತಿ ಬಂದಿದೆ. ಎಲ್ಲರೂ ಅದನ್ನು ಹಣದ ವಿಷಯವೆಂದು ಚರ್ಚಿಸುತ್ತಾರೆ. ಟಾರ್ಪಾಲು ಎಳೆಯುವವನಿಗೆ ಅದು ಬೆಂಚಿನ ಕೊನೆಯಲ್ಲಿ ಕೂತಿರುತ್ತಿದ್ದ ಹುಡುಗರ ವಿಷಯ. ಏಕೆಂದರೆ ಆಪತ್ತಿಗೆ ಬರುತ್ತಿದ್ದವರು ಅವರೇ.

ಹೆಡ್ ಕೋಚ್ ನನ್ನ ಮೇಲೆ ಕೂಗಾಡಲಿಲ್ಲ. ಶರತ್ಕಾಲದ ಅಭ್ಯಾಸ ಆರಂಭವಾದಾಗ ಅವರೇ ಬಂದು ಎಷ್ಟು ಜನ ಬೇಕು ಎಂದು ಕೇಳಿದರು. ಹದಿನಾರಕ್ಕಿಂತ ಕಡಿಮೆಯಾದರೆ ಹಾಸಲು ಕೈಯೇ ಹಾಕುವುದಿಲ್ಲ ಎಂದೆ. ಈಗ ಮೇ ತಿಂಗಳ ಪ್ರತಿ ಸರಣಿಗೂ, ಆ ದಿನ ಎಸೆಯದ ಪಿಚರ್‌ಗಳು, ಮ್ಯಾನೇಜರ್‌ಗಳು, ಕಚೇರಿಯವರು ಎಂದು ಹೆಸರು ಹೆಸರಾಗಿ ಬರೆದ ಪಟ್ಟಿಯೊಂದು ಮೊದಲ ಪಂದ್ಯದ ಬೆಳಿಗ್ಗೆ ಡಗ್‌ಔಟಿನ ಗೋಡೆಗೆ ಬೀಳಬೇಕು, ಅದಕ್ಕೆ ಕೋಚ್ ಸಹಿ ಇರಬೇಕು ಎಂದು ಗೊತ್ತುಮಾಡಿದ್ದೇವೆ. ಅಂಪೈರ್ ಎಷ್ಟು ಹೊತ್ತಿದೆ ಎಂದು ಕೇಳಿದರೆ, ರೇಡಾರ್ ಹೇಳುವ ನಿಮಿಷಗಳಿಂದ ಹಾಸಲು ಬೇಕಾದ ನಿಮಿಷಗಳನ್ನು ಕಳೆದು ಉತ್ತರಿಸುತ್ತೇನೆ. ಕೋಚ್‌ಗೆ ಅದು ಹಿಡಿಸುವುದಿಲ್ಲ, ಹೆದರುಪುಕ್ಕಲುತನ ಎನ್ನುತ್ತಾರೆ. ಕಡಿಮೆ ಜನರೂ ಎಳೆಯಬಹುದಾದ ಹಗುರ ಬಟ್ಟೆಯ ಹೊಸ ಟಾರ್ಪಾಲಿಗೆ ಹಾಕಿದ ಅರ್ಜಿ ಖರೀದಿ ವಿಭಾಗದಲ್ಲಿದೆ. ಮೂರು ಕೊಟೇಶನ್ ಬೇಕೆಂದರು, ಕೊಟ್ಟಿದ್ದೇನೆ, ಈಗ ನಾಲ್ಕನೆಯದನ್ನು ಕೇಳುತ್ತಿದ್ದಾರೆ.